ಹಿಂದೆ ಕೂತವಳು

ಹಿಂದೆ ಕೂತವಳು ತುಳೀತಾನೇ ಇಲ್ಲ ಎಂದು ಚರ್ಚಿನ ಮುಂದಿನ ಕಲ್ಲುಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಮುದುಕನೊಬ್ಬ ಕೂಗಿ ಹೇಳಿದ. ಈ ದೇಶದಲ್ಲಿ ಗಂಡ ಹೆಂಡತಿ ಇಬ್ಬರೂ ತುಳಿಯುವ ಜೋಡಿ ಸೈಕಲ್ಲಿನ ಮೇಲೆ ಹೊರಟರೆ ಯಾರಾದರೊಬ್ಬರು ಆ ಮಾತನ್ನು ಹೇಳದೆ ಬಿಡುವುದಿಲ್ಲ. ರೊಟ್ಟಿ ಅಂಗಡಿಯ ಬಾಗಿಲಲ್ಲಿ ನಿಂತವನು ಹೇಳುತ್ತಾನೆ, ಹುಲ್ಲು ಕೊಯ್ಯುವವನು ಟ್ರ್ಯಾಕ್ಟರ್ ನಿಲ್ಲಿಸಿ ಹೇಳುತ್ತಾನೆ, ಒಮ್ಮೆ ಹೆಣದ ಹಿಂದೆ ನಡೆಯುತ್ತಿದ್ದವನೊಬ್ಬ ಎದೆಗೆ ಟೋಪಿ ಒತ್ತಿಕೊಂಡೇ ಪಿಸುಗುಟ್ಟಿದ್ದ. ಹೇಳಿದವರೆಲ್ಲರೂ ಆ ತಮಾಷೆ ಜಗತ್ತಿನಲ್ಲಿ ಮೊದಲು ಹೊಳೆದದ್ದು ತಮಗೇ ಎಂಬಂತೆ ನಗುತ್ತಾರೆ. ಮೂವತ್ತೊಂದು ವರ್ಷ ಮುಂದಿನ ಸೀಟಿನ ಒಕ್ತಾವ್ ಕೂಡ ನಕ್ಕಿದ್ದ, ಹಿಂದಿನ ಸೀಟಿನಿಂದ ಅವನ ಹೆಂಡತಿ ಲುಸೆತ್ ತಪ್ಪದೆ ಉತ್ತರ ಕೊಟ್ಟಿದ್ದಳು: ತುಳಿಯೋಕೆ ಇವನು ನನಗೇನು ಸಂಬಳ ಕೊಡ್ತಾನಾ ಎಂದು. ಇವತ್ತು ಅವಳು ಉತ್ತರ ಕೊಡಲಿಲ್ಲ. ಒಕ್ತಾವ್ ಕಾದ. ಪೆಡಲು ನಾಲ್ಕು ಸುತ್ತು ತಿರುಗಿತು, ಹತ್ತು ಸುತ್ತು ತಿರುಗಿತು, ಚರ್ಚು ಹಿಂದಾಯಿತು, ಕೊನೆಯ ಮನೆಯ ಅಂಜೂರದ ಮರ ಹಿಂದಾಯಿತು, ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುದುಕ ತಮಾಷೆ ಮಾಡಿದನೋ ಅಥವಾ ಕಂಡದ್ದನ್ನು ಹೇಳಿದನೋ ಎಂದು ಅವನಿಗೆ ಆಗಲೇ ಅನುಮಾನ ಬಂದದ್ದು.

ಏಕೆಂದರೆ ಮುಂದೆ ಕೂತವನಿಗೆ ಅದು ಎಂದೂ ಗೊತ್ತಾಗುವುದಿಲ್ಲ. ಜೋಡಿ ಸೈಕಲ್ಲಿನಲ್ಲಿ ಇಬ್ಬರ ಪೆಡಲುಗಳನ್ನೂ ಒಂದೇ ಚೈನು ಕಟ್ಟಿಹಾಕಿರುತ್ತದೆ; ಅವನದು ತಿರುಗಿದರೆ ಅವಳದೂ ತಿರುಗಲೇಬೇಕು. ಹಿಂದಿನ ಪಾದ ಪೆಡಲನ್ನು ಒತ್ತುತ್ತಿದೆಯೋ, ಸುಮ್ಮನೆ ಅದರ ಮೇಲೆ ಕೂತು ಸವಾರಿ ಮಾಡುತ್ತಿದೆಯೋ, ದೇವರಿಗೇ ಗೊತ್ತು. ಮೂವತ್ತನಾಲ್ಕು ವರ್ಷ ಒಕ್ತಾವ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಟಿಕೆಟ್ ಇಲ್ಲದವನು ಯಾರು ಎಂದು ಅವನಿಗೆ ಡಬ್ಬಿಯ ಬಾಗಿಲಲ್ಲೇ ತಿಳಿಯುತ್ತಿತ್ತು: ಅವರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿರುತ್ತಾರೆ, ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿರುತ್ತಾರೆ, ಅತಿ ವಿನಯದಿಂದ ನಮಸ್ಕಾರ ಹೇಳುತ್ತಾರೆ. ಆದರೆ ಆ ವಿದ್ಯೆಗೆ ಮುಖ ಬೇಕು. ಇಲ್ಲಿ ಮುಖ ಅವನ ಬೆನ್ನ ಹಿಂದೆ ಇದೆ. ಈ ಪ್ರವಾಸ ಹೊರಟು ಆರು ದಿನವಾಯಿತು. ಆರು ದಿನದಿಂದ ಸೈಕಲ್ಲು ಭಾರವಾಗಿದೆ. ಚಕ್ರಕ್ಕೆ ಗಾಳಿ ತುಂಬಿದ, ಬ್ರೇಕು ಉಜ್ಜುತ್ತಿದೆಯೇ ಎಂದು ಬಗ್ಗಿ ನೋಡಿದ, ಚೀಲದಿಂದ ಎರಡು ಪುಸ್ತಕ ತೆಗೆದು ದಾರಿಯ ಅತಿಥಿಮನೆಯೊಂದರಲ್ಲಿ ಬಿಟ್ಟುಬಂದ. ಆದರೂ ಭಾರ. ತನಗೆ ಅರವತ್ತೊಂಬತ್ತಾಗಿದೆ ಎಂಬ ಕಾರಣ ಅವನಿಗೆ ಹೊಳೆಯದೆ ಇರಲಿಲ್ಲ, ಆದರೆ ಅದಕ್ಕಿಂತ ಇನ್ನೊಂದು ಕಾರಣವನ್ನು ನಂಬುವುದು ಸುಲಭವಾಗಿತ್ತು. ಅವಳು ಬಿಟ್ಟುಬಿಟ್ಟಿದ್ದಾಳೆ. ಕಾಲಷ್ಟೇ ಅಲ್ಲ, ಎಲ್ಲವನ್ನೂ. ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ.

ಅವನು ಪರೀಕ್ಷೆ ಮಾಡಿದ್ದ. ನಿನ್ನೆ ಚೆಸ್ಟ್‌ನಟ್ ತೋಪುಗಳ ನಡುವಿನ ಏರಿನಲ್ಲಿ, ಒಂದು ಕಾರೂ ಇಲ್ಲದ, ನಡುವೆ ಹುಲ್ಲು ಬೆಳೆದ ಆ ಕಿರುದಾರಿಯಲ್ಲಿ, ಇದ್ದಕ್ಕಿದ್ದಂತೆ ತನ್ನ ಕಾಲುಗಳನ್ನು ಸಡಿಲ ಬಿಟ್ಟ. ಸೈಕಲ್ಲು ಮುಗ್ಗರಿಸಿದಂತೆ ನಿಧಾನವಾಯಿತು. ಏನಾಯ್ತು ಎಂದು ಲುಸೆತ್ ಕೇಳಿದಳು. ಏನಿಲ್ಲ, ಗೇರು ಎಂದ. ಊಟದ ಮೇಲೆ ಇನ್ನೊಮ್ಮೆ ಮಾಡಿದ, ಸಂಜೆ ಮತ್ತೊಮ್ಮೆ. ಮೂರನೆಯ ಸಲ ಅವಳು ಏನಾಯ್ತು ಎಂದು ಕೇಳಲಿಲ್ಲ. ಕೇಳದಿದ್ದದ್ದನ್ನೂ ಅವನು ಲೆಕ್ಕಕ್ಕೆ ಹಿಡಿದ. ಇವತ್ತು ಬೆಳಿಗ್ಗೆ ಅತಿಥಿಮನೆಯ ಒಡತಿ ಮದಾಮ್ ಬ್ರೊಸ್ ಮೇಜಿನ ಮೇಲೆ ರೊಟ್ಟಿ, ಬೆಣ್ಣೆ, ಚೆಸ್ಟ್‌ನಟ್ ಜಾಮು ಇಟ್ಟು, ಸೈಕಲ್ಲನ್ನು ಕಿಟಕಿಯಿಂದ ನೋಡಿ, ಎಲ್ಲರಂತೆ ಅದೇ ಮಾತು ಹೇಳಿದಳು. ಒಕ್ತಾವ್ ನಗಲು ಬಾಯಿ ತೆರೆದು, ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿ ಬೆಚ್ಚಿದ: ಈ ಸಲ ನಿಜವಾಗ್ಲೂ ತುಳೀತಿಲ್ಲ ಮದಾಮ್, ನಾನು ಪರೀಕ್ಷೆ ಮಾಡಿದ್ದೀನಿ. ಮದಾಮ್ ಬ್ರೊಸ್ ನಕ್ಕಳು. ಲುಸೆತ್ ಚಾಕುವನ್ನು ಜಾಮಿನ ಸೀಸೆಯ ಬಾಯಿಗೆ ಒರೆಸಿ, ತಟ್ಟೆಯ ಮೇಲೆ ನೇರವಾಗಿಟ್ಟು, ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಹೊರಡುವ ಹೊತ್ತಿಗೆ ಒಡತಿ ಮಡಿಸಿದ ಕಾಗದವೊಂದನ್ನು ಲುಸೆತ್‌ಳ ಕೈಗಿಡುವುದನ್ನು ಅವನು ಪಡಸಾಲೆಯ ಗೋಡೆಯ ಕನ್ನಡಿಯಲ್ಲಿ ಕಂಡ. ಅವಳು ಅದನ್ನು ಜಾಕೀಟಿನ ಬೆನ್ನ ಜೇಬಿಗೆ ಸೇರಿಸಿದಳು. ಬೆನ್ನ ಜೇಬು, ಅಂದರೆ ಅವನ ಕೈಗೂ ಕಣ್ಣಿಗೂ ಎಟುಕದ ಜಾಗ.

ಏನು ಕಾಗದ ಎಂದು ಕೇಳಬಹುದಿತ್ತು. ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು, ಅದೇ ತೊಂದರೆ. ಸೈಕಲ್ಲು ಹೊಳೆಯ ಪಕ್ಕದಲ್ಲಿ ಸಾಗಿತು, ಒಂದು ಬದಿಗೆ ಕಪ್ಪುಕಲ್ಲಿನ ಗೋಡೆಗಳು, ಗೋಡೆಯ ಮೇಲೆ ಹಲ್ಲಿಗಳು, ಇನ್ನೊಂದು ಬದಿಗೆ ನೀರು. ಸೆಪ್ಟೆಂಬರಿನ ಈ ವಾರದಲ್ಲಿ ರಜೆಗೆ ಬಂದವರೆಲ್ಲ ಪಟ್ಟಣಗಳಿಗೆ ಮರಳಿ ಕಣಿವೆಗಳು ಊರವರ ಪಾಲಿಗೆ ವಾಪಸು ಸಿಕ್ಕಿರುತ್ತವೆ. ಅದಕ್ಕೇ ಅವರು ಪ್ರತಿ ವರ್ಷ ಇದೇ ವಾರ ಹೊರಡುತ್ತಿದ್ದದ್ದು. ಬೆಳಗಿನಿಂದ ಎದುರಾದದ್ದು ಒಂದು ಅಂಚೆಯ ವ್ಯಾನು, ಒಂದು ನಾಯಿ. ಇಂಥ ನಿಶ್ಶಬ್ದವನ್ನು ಹುಡುಕಿಕೊಂಡೇ ಅವರು ನಕ್ಷೆಯಲ್ಲಿ ಅತಿ ಸಣ್ಣ ಗೆರೆಗಳನ್ನು ಆರಿಸುತ್ತಿದ್ದರು. ಈಗ ಆ ನಿಶ್ಶಬ್ದ ಅವನಿಗೆ ಹಿಂಸೆಯಾಗಿತ್ತು. ಒಂದು ಲಾರಿ ಬಂದಿದ್ದರೂ ಅವಳು ಮಾತಾಡದಿದ್ದದ್ದಕ್ಕೆ ನೆಪ ಸಿಗುತ್ತಿತ್ತು. ಗಾಳಿಗೆ ಎಡಗಿವಿಯೊಳಗಿನ ಯಂತ್ರ ಸಿಳ್ಳೆ ಹಾಕತೊಡಗಿದಾಗ ಅದನ್ನು ಕಿತ್ತು ಹ್ಯಾಂಡಲಿನ ಚೀಲಕ್ಕೆ ಹಾಕಿದ. ಅದಿಲ್ಲದಿದ್ದರೆ ಅವನಿಗೆ ಎದುರಿಗಿರುವವರ ಮಾತು ಕೇಳುತ್ತದೆ, ಹಿಂದಿನದು ಕೇಳುವುದಿಲ್ಲ. ಇರಲಿ, ಕೇಳುವುದಕ್ಕೆ ಅವಳು ಏನಾದರೂ ಹೇಳಿದರೆ ತಾನೇ ಎಂದುಕೊಂಡ.

ಫಾರ್ಗೆತ್ ಎಂಬ ಹತ್ತು ಮನೆಗಳ ಹಳ್ಳಿಯಲ್ಲಿ ನೀರು ತುಂಬಿಸಿಕೊಳ್ಳಲು ನಿಂತರು. ಅಲ್ಲಿಂದ ರಸ್ತೆ ಸ್ವಲ್ಪ ಇಳಿದು ಸೇತುವೆ ದಾಟಿ, ಆಮೇಲೆ ಒಂಬತ್ತು ಕಿಲೋಮೀಟರು ಪೆರಿಯೇರ್ ಘಾಟಿಗೆ ಏರುತ್ತದೆ. ಜೋಡಿ ಸೈಕಲ್ಲು ಹೊರಡಿಸುವುದಕ್ಕೆ ಒಂದು ಕ್ರಮವಿದೆ. ಮುಂದಿನವನು ಎರಡೂ ಕಾಲು ನೆಲಕ್ಕೂರಿ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು ನಿಲ್ಲಬೇಕು, ಹಿಂದಿನವಳು ಹತ್ತಿ ಕೂತು, ಪಾದ ಹೊಂದಿಸಿಕೊಂಡು, ಅವನ ಬೆನ್ನಿಗೆ ಎರಡು ಸಲ ತಟ್ಟಬೇಕು, ಆಮೇಲೆ ಹೊರಡಬೇಕು. ಇವತ್ತು ಬೆಳಗಿನಿಂದ ಅವಳು ತಟ್ಟಿರಲಿಲ್ಲ. ಅತಿಥಿಮನೆಯಿಂದ ಹೊರಡುವಾಗಲೂ ಇಲ್ಲ, ರೊಟ್ಟಿ ಕೊಳ್ಳಲು ನಿಂತು ಮತ್ತೆ ಹೊರಟಾಗಲೂ ಇಲ್ಲ. ಅವಳ ಭಾರ ಬಿದ್ದು ಸೈಕಲ್ಲು ಅಲುಗಾಡಿದ್ದನ್ನೇ ಅನುಮತಿ ಎಂದುಕೊಂಡು ಅವನು ಹೊರಟಿದ್ದ, ತಿರುಗಿ ನೋಡುವುದು ಅವಮಾನವೆಂದುಕೊಂಡು. ಫಾರ್ಗೆತ್‌ನ ನಲ್ಲಿಯ ಬಳಿಯೂ ಹಾಗೇ ನಿಂತಿದ್ದ, ನಕ್ಷೆಯನ್ನು ನೋಡುವವನ ಹಾಗೆ ತಲೆ ತಗ್ಗಿಸಿ. ಹಿಂದೆ ಚೀಲದ ಗುಂಡಿ ಬಿಚ್ಚಿದ ಹಾಗಾಯಿತು. ಸೈಕಲ್ಲು ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು. ಸರಿ, ತಟ್ಟುವುದಿಲ್ಲ ಅಲ್ಲವೇ, ಎಂದು ಹಲ್ಲು ಕಚ್ಚಿ ನೆಲವನ್ನೊದ್ದು ಇಳಿಜಾರಿಗೆ ಬಿಟ್ಟ.

ಸೇತುವೆ ದಾಟಿ ಏರು ಶುರುವಾದಾಗ ಅವನಿಗೆ ಆಶ್ಚರ್ಯವಾಯಿತು. ಗೇರು ಇಳಿಸಿದ್ದವನು ಮತ್ತೆ ಒಂದು ಏರಿಸಿದ. ಮೊದಲ ತಿರುವಿನಲ್ಲಿ ಇನ್ನೊಂದು ಏರಿಸಿದ. ಆರು ದಿನದಿಂದ ಎತ್ತಿನಂತೆ ಎಳೆದ ಸೈಕಲ್ಲು ಕಾಲಿಗೆ ಹಿಡಿದ ಅಂಟು ಬಿಟ್ಟಂತೆ ಸಾಗುತ್ತಿತ್ತು. ತುಳಿಯುತ್ತಿದ್ದಾಳೆ. ಈ ಒಂದು ಪದ ಅವನ ತಲೆಗೆ ಬಂದದ್ದೇ ಅವನ ಕಣ್ಣು ಮಂಜಾಯಿತು, ಅವನಿಗೇ ನಾಚಿಕೆಯಾಗುವಷ್ಟು. ಬೆಳಗಿನ ಮಾತು ನಾಟಿದೆ, ಅದಕ್ಕೇ ತುಳಿಯುತ್ತಿದ್ದಾಳೆ, ಸಿಟ್ಟಿನಿಂದಲೇ ಇರಲಿ. ಇಲ್ಲ, ಸಿಟ್ಟಿನವರ ತುಳಿತ ಹೀಗಿರುವುದಿಲ್ಲ. ಇದು ಒಂದೇ ಸಮನಾಗಿ, ಮೃದುವಾಗಿ, ತಾನು ಎಷ್ಟು ಕೇಳಿದರೆ ಅಷ್ಟು ಕೊಡುವ ತುಳಿತ. ಮದುವೆಯಾದ ಹೊಸದರಲ್ಲಿ ಅವಳು ತಾನು ಕೆಲಸ ಮಾಡುತ್ತಿದ್ದ ಶಾಲೆಯ ಅಡುಗೆಮನೆಯಿಂದ ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿಕೊಂಡು ರೈಲ್ವೆ ಸ್ಟೇಷನ್ನಿಗೆ ಬಂದು, ಅವನು ಇಳಿಯುವ ಡಬ್ಬಿಯ ಎದುರಿಗೇ ನಿಂತಿರುತ್ತಿದ್ದಳು. ಯಾವ ಡಬ್ಬಿಯಲ್ಲಿ ಇರುತ್ತೀನಿ ಅಂತ ಹೇಗೆ ಗೊತ್ತು ಎಂದು ಕೇಳಿದರೆ ನಗುತ್ತಿದ್ದಳು. ಅವನು ಆಗಲೂ, ಸ್ಟೇಷನ್ನಿನಲ್ಲಿ ಇವಳಿಗೆ ಹೇಳಿದವರು ಯಾರು ಎಂದು ಎರಡು ದಿನ ಯೋಚಿಸಿದ್ದ. ಇಂಥ ತಲೆ ನನ್ನದು ಎಂದು ಈಗ ನಗು ಬಂತು. ಕೆಳಗೆ ಹೊಳೆ ದಾರದಷ್ಟಾಗಿತ್ತು, ತೋಪುಗಳಲ್ಲಿ ಇನ್ನೂ ಹಸಿರಿದ್ದ ಚೆಸ್ಟ್‌ನಟ್ ಮುಳ್ಳುಕಾಯಿಗಳು, ಎಲ್ಲೋ ಆಡುಗಳ ಗಂಟೆ, ಅದು ಕೇಳಿಸಿತೋ ಕೇಳಿಸಿದಂತೆ ಅನ್ನಿಸಿತೋ. ಇಬ್ಬರೂ ಸೇರಿ ತುಳಿದರೆ ಲೋಕ ಎಷ್ಟು ಹಗುರ.

ಆ ಹಗುರದಲ್ಲಿ ಅವನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಕ್ಷಮಿಸು ಎಂದ ಮೊದಲು, ಬೆಳಗಿನ ಮಾತಿಗೆ. ಅವಳು ಏನೂ ಹೇಳಲಿಲ್ಲ, ಅಥವಾ ಹೇಳಿದ್ದು ಕೇಳಲಿಲ್ಲ. ಸೈಕಲ್ಲು ಮಾತ್ರ ಹಾಗೇ ಹಗುರವಾಗಿ ಹೋಯಿತು, ಅದೇ ಉತ್ತರವೆಂದು ಅವನು ತಿಳಿದ. ಇನ್ನೊಂದು ಇದೆ ಎಂದ. ಹನ್ನೊಂದು ವರ್ಷದಿಂದ ಹೊಟ್ಟೆಯಲ್ಲಿದ್ದದ್ದು. ಸೊಲಾನ್ ಘಾಟಿಯ ದಿನ, ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ಅವನ ತೊಡೆಗಳು ಸೋತುಹೋಗಿದ್ದವು, ನಿಲ್ಲೋಣ ಎನ್ನಲು ಮಾನ ಬಿಡಲಿಲ್ಲ. ಒಂದು ನಿಮಿಷ ಸುಧಾರಿಸಿಕೊಳ್ಳೋಣವೆಂದು ಕಾಲು ಸಡಿಲ ಬಿಟ್ಟ. ಸೈಕಲ್ಲು ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಹಿಂದೆ ಹಾಡು ಗುನುಗುತ್ತಿದ್ದ ಲುಸೆತ್ ಹಾಡು ನಿಲ್ಲಿಸಿದಳು, ಅಷ್ಟೇ. ಇನ್ನೊಂದು ನಿಮಿಷ ಎಂದುಕೊಂಡ. ಕಾಲು ಸುಮ್ಮನೆ ತಿರುಗುತ್ತಿದ್ದವು, ತೊಟ್ಟಿಲಲ್ಲಿ ಕೂತ ಹಾಗೆ. ಹಾಗೇ ನಾಲ್ಕು ಕಿಲೋಮೀಟರು. ಘಾಟಿಯ ಎತ್ತರ ಬರೆದ ಫಲಕದ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಇಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಲುಸೆತ್ ಇಳಿದವಳೇ ರಸ್ತೆಯಂಚಿಗೆ ಹೋಗಿ ಬಗ್ಗಿ ವಾಂತಿ ಮಾಡಿದಳು. ಅವರಲ್ಲೊಬ್ಬ ಅಯ್ಯೋ ಪಾಪ ಎಂಬಂತೆ ನೋಡಿದ. ಆಗ ಒಕ್ತಾವ್, ಯಾರೂ ಕೇಳದಿದ್ದರೂ, ತಾನಾಗಿ ಆ ತಮಾಷೆ ಮಾಡಿದ: ಹಿಂದೆ ಕೂತವಳು ತುಳೀಲೇ ಇಲ್ಲ, ಹೊಟ್ಟೆ ತೊಳೆಸಿದೆ ಅಷ್ಟೇ. ಇಪ್ಪತ್ತು ಜನ ನಕ್ಕರು. ಅವಳು ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಅವತ್ತಿನಿಂದ ನಾನು ನಿನ್ನನ್ನು ನಂಬಿಲ್ಲ ಎಂದ ಈಗ ಗಟ್ಟಿಯಾಗಿ, ಗಾಳಿಗೆ ಎದುರಾಗಿ; ಅಷ್ಟು ಸುಲಭವಾಗಿ ಮೋಸ ಮಾಡಬಹುದು ಅಂತ ನನಗೆ ಗೊತ್ತಾಗಿಬಿಟ್ಟಿತ್ತಲ್ಲ. ತಾ ಕಳ್ಳ ಪರರ ನಂಬ, ಅಷ್ಟೇ ಕತೆ. ಹೇಳಿ ಮುಗಿಸಿ ಅತ್ತ. ಎದೆ ಖಾಲಿಯಾದ ಹಾಗಾಯಿತು. ಲುಸೆತ್, ಏನಾದರೂ ಹೇಳು ಎಂದ.

ಹೇಳದಿದ್ದಾಗ ಒಂದು ಕೈಯನ್ನು ಹಿಂದೆ ಚಾಚಿ ಅವಳ ಕೈಯನ್ನು ಹುಡುಕಿದ. ಹಿಂದಿನ ಹ್ಯಾಂಡಲಿನ ರಬ್ಬರು ಸಿಕ್ಕಿತು, ತಣ್ಣಗೆ. ತಿರುಗಿದ. ಸೀಟು ಖಾಲಿಯಿತ್ತು. ಬಾಯಿ ತೆರೆದ ಚೀಲದಿಂದ ಅವಳ ಉಣ್ಣೆಯ ಅಂಗಿಯ ಒಂದು ತೋಳು ಹೊರಗೆ ನೇತಾಡುತ್ತಿತ್ತು. ಅವಳ ಪೆಡಲುಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು.

ಮೊದಲು ಅವನಿಗೆ ತೋಚಿದ್ದು ಬಿದ್ದುಬಿಟ್ಟಳು ಎಂದು. ಎರಡನೆಯದಾಗಿ ತೋಚಿದ್ದು, ಬೇಕೆಂದೇ ಹತ್ತಲಿಲ್ಲ ಎಂದು. ಇದು ಮೊದಲಿನದಕ್ಕಿಂತ ಬೇಗ ಬೇರು ಬಿಟ್ಟಿತು. ಸೈಕಲ್ಲು ತಿರುಗಿಸಿ ಬ್ರೇಕು ಹಿಡಿದು ಇಳಿಯುತ್ತಾ, ಪ್ರತಿ ತಿರುವಿನಲ್ಲೂ ಚರಂಡಿಯನ್ನು ನೋಡುತ್ತಾ, ಅದರ ಜೊತೆಗೇ ಯೋಚಿಸುತ್ತಿದ್ದ: ಫೋನಿನಲ್ಲಿ ಕೇಳೋಣವೆಂದರೆ ಅವಳ ಫೋನು ಈ ಚೀಲದಲ್ಲೇ ಇದೆ, ಫೋನು ಬಿಟ್ಟುಹೋದಳೆಂದರೆ ತನಗೆ ಸಿಗಬಾರದೆಂದೇ ಬಿಟ್ಟುಹೋದಳು, ಮದಾಮ್ ಬ್ರೊಸ್ ಕಾರು ತಂದು ಕಾಯುತ್ತಿದ್ದಿರಬೇಕು, ಆ ಕಾಗದದಲ್ಲಿ ಅದೇ ಇರಬೇಕು. ಹಗುರವಾಗಿತ್ತು ಎಂಬುದು ನೆನಪಾದಾಗ ಮಾತ್ರ ಯೋಚನೆ ನಿಂತು, ಮುಖ ಬಿಸಿಯಾಯಿತು. ಎರಡನೆಯ ತಿರುವಿನಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೋಲಿಗೆ ಗಲ್ಲ ಊರಿ ನಿಂತಿದ್ದಳು. ಹತ್ತುವಾಗಲೂ ಅಲ್ಲೇ ಇದ್ದಳೆಂದು ಕಾಣುತ್ತದೆ. ಅವನು ಖಾಲಿ ಸೀಟಿಗೆ ಕ್ಷಮೆ ಕೇಳುತ್ತಾ ಹೋದದ್ದನ್ನು ನೋಡಿರಬೇಕು. ಜೋಡಿ ಸೈಕಲ್ಲು ನೋಡಿಯೂ ಆ ತಮಾಷೆ ಮಾಡದೆ ಬಿಟ್ಟವರು ಈ ದೇಶದಲ್ಲಿ ಅವಳೊಬ್ಬಳೇ, ಅದು ಅವನಿಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ನನ್ನ ಹೆಂಡತಿಯನ್ನು ನೋಡಿದಿರಾ ಎಂದು ಕೇಳಲು ನಿಂತವನು, ಕೇಳಲಾಗದೆ ಹಾಗೇ ಮುಂದಕ್ಕೆ ಹೋದ.

ನಲ್ಲಿಯ ಬಳಿ ಅವಳಿರಲಿಲ್ಲ. ಅವಳ ನೀರಿನ ಬಾಟಲಿ ಕಲ್ಲುತೊಟ್ಟಿಯ ಅಂಚಿನ ಮೇಲಿತ್ತು. ಒಂದು ಮನೆಯ ಕಿಟಕಿಯಿಂದ ಕಂಬಳಿ ಕೊಡವುತ್ತಿದ್ದವಳು ಕೈಯೆತ್ತಿ ಹಳ್ಳಿಯ ಇನ್ನೊಂದು ತುದಿಯನ್ನು ತೋರಿಸಿದಳು, ಇವನೇ ಆ ಮನುಷ್ಯ ಎಂಬಂತೆ ನೋಡುತ್ತಾ. ಅಲ್ಲಿ ಬಸ್ಸು ನಿಲ್ಲುವ ಮಾಡಿನ ಕೆಳಗೆ ಲುಸೆತ್ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆಳಗಿನ ಕಾಗದ ಈಗ ಅವಳ ಕೈಯಲ್ಲಿ ಬಿಚ್ಚಿಕೊಂಡಿತ್ತು. ಅದು ಬಸ್ಸುಗಳ ವೇಳಾಪಟ್ಟಿ. ಒಕ್ತಾವ್ ಚೀಲದಿಂದ ಕಿವಿಯ ಯಂತ್ರ ತೆಗೆದು ಹಾಕಿಕೊಂಡ. ಅದು ಸರಿಯಾಗಿ ಕೂರುವವರೆಗೆ ಅವಳು ಕಾದಳು.

“ಕೂಗಿದೆ,” ಎಂದಳು. “ಸೇತುವೆವರೆಗೂ ಓಡಿದೆ.”

ಅವನು ಕೇಳಿಸಲಿಲ್ಲ ಎಂದ. ಸ್ವೆಟರ್ ತೆಗೆದುಕೊಳ್ಳುತ್ತಿದ್ದಳಂತೆ, ಅಷ್ಟರಲ್ಲಿ ಸೈಕಲ್ಲು ಕೈಯಿಂದ ಜಾರಿಹೋಯಿತಂತೆ. ಎಷ್ಟು ದೂರ ಹೋದಮೇಲೆ ಗೊತ್ತಾಯಿತು ಎಂದು ಅವಳು ಕೇಳಿದಳು. ನೂರು ಮೀಟರು ಎಂದು ಹೇಳಿಬಿಡಬಹುದೆಂದು ಅವನ ನಾಲಗೆ ತುದಿಗೆ ಬಂತು. ಅವಳ ಕೈಯಲ್ಲಿ ಗಡಿಯಾರವಿತ್ತು. ಐದು ಕಿಲೋಮೀಟರು ಎಂದ, ತಲೆ ತಗ್ಗಿಸಿ.

“ಐದು ಕಿಲೋಮೀಟರು ಏರಿನಲ್ಲಿ ಹೋದೆ. ನಾನು ಇಲ್ಲ ಅಂತ ಗೊತ್ತಾಗ್ಲಿಲ್ವಾ?”

“ಹಗುರವಾಗಿತ್ತು. ಕೊನೆಗೂ ನೀನು ತುಳೀತಿದೀಯ ಅಂದ್ಕೊಂಡೆ.”

ಆ ಮಾತು ಹೊರಬಿದ್ದಮೇಲೆ ಅದನ್ನು ವಾಪಸು ನುಂಗಲು ಸಾಧ್ಯವಿರಲಿಲ್ಲ. ಲುಸೆತ್ ನಗುತ್ತಾಳೆಂದು ಅವನು ಕಾದ. ನಕ್ಕುಬಿಟ್ಟಿದ್ದರೆ ಅವನೂ ನಗುತ್ತಿದ್ದ, ಎಲ್ಲ ಮುಗಿಯುತ್ತಿತ್ತು. ಅವಳು ವೇಳಾಪಟ್ಟಿಯನ್ನು ಮಡಿಕೆಯ ಮೇಲೆ ಮಡಿಕೆಯಾಗಿ ಮಡಿಸಿದಳು. ತಂಗಿಯ ಮನೆಗೆ ಹೋಗುವುದೆಂದು ನಿನ್ನೆ ಸಂಜೆಯೇ ತೀರ್ಮಾನಿಸಿದ್ದಾಗಿ ಹೇಳಿದಳು, ಮೂರನೆಯ ಪರೀಕ್ಷೆಯ ಹೊತ್ತಿಗೆ. ಆಮೇಲೆ ಬೆಳಿಗ್ಗೆ ಮನಸ್ಸು ಬದಲಾಯಿಸಿದಳಂತೆ. ಆಮೇಲೆ ಜಾಮು ಹಚ್ಚಿಕೊಳ್ಳುವಾಗ ಮತ್ತೆ ಬದಲಾಯಿಸಿದಳಂತೆ. ಬಸ್ಸಿಗೆ ಇನ್ನೂ ಕಾಲು ಗಂಟೆ ಇದೆ ಎಂದಳು. ಕಾಲು ಗಂಟೆ ಎಂದು ಅವಳು ಹೇಳಿದ ರೀತಿಯಲ್ಲಿ ಅವನಿಗೆ ಅವಕಾಶವೊಂದು ಕಂಡಿತು, ಅದರ ಹಿಂದೆಯೇ ಇದೂ ಒಂದು ಪರೀಕ್ಷೆಯಿರಬಹುದೇ ಎಂಬ ಅನುಮಾನವೂ ಬಂತು. ಖಾಲಿ ಸೀಟಿಗೆ ಅಷ್ಟು ಚೆನ್ನಾಗಿ ಹೇಳಿದ್ದೆಲ್ಲ ಮುಖದ ಎದುರಿಗೆ ಬರುವಷ್ಟರಲ್ಲಿ ಮೂರೇ ಪದವಾಗಿತ್ತು. ಸೊಲಾನ್‌ನಲ್ಲಿ ನಾನು ತುಳಿಯಲಿಲ್ಲ ಎಂದ.

“ಗೊತ್ತು,” ಎಂದಳು ಲುಸೆತ್.

ಅವನು ಅವಳ ಮುಖವನ್ನು ನೋಡಿದ. ರೈಲಿನಲ್ಲಿ ಅವನು ಕಲಿತ ಯಾವ ಲಕ್ಷಣವೂ ಅಲ್ಲಿ ಇರಲಿಲ್ಲ.

“ಮೂವತ್ತೊಂದು ವರ್ಷ ನನಗೆ ಹಿಂದಿನಿಂದ ಏನು ಕಾಣ್ತಿತ್ತು ಅಂದ್ಕೊಂಡಿದ್ದೀಯ, ಬೆಟ್ಟಾನಾ? ನಿನ್ನ ಬೆನ್ನು. ತಲೆ ಬಗ್ಗಿಸಿದ್ರೆ ನಿನ್ನ ಮೀನಖಂಡ. ತುಳಿಯುವಾಗ ಗಂಟು ಕಟ್ಟುತ್ತೆ, ತುಳೀದೇ ಇದ್ದಾಗ ಜೋಲು ಬೀಳುತ್ತೆ. ನಿನ್ನೆ ಮೂರು ಸಲ ಬಿತ್ತು. ಸೊಲಾನ್‌ನಲ್ಲಿ ನಾಲ್ಕು ಕಿಲೋಮೀಟರು ಬಿತ್ತು.” ಹೆಲ್ಮೆಟ್ಟಿನ ಪಟ್ಟಿಯನ್ನು ನೇರ ಮಾಡಿ ಹೇಳಿದಳು: “ಅದಕ್ಕೆ ನನಗೆ ಬೇಜಾರಿರಲಿಲ್ಲ, ಒಕ್ತಾವ್. ಸುಸ್ತಾಗಿತ್ತು ನಿನಗೆ. ಎಳೆದೆ. ಮೇಲೆ ಹೋದಮೇಲೆ ಆ ಮಾತು ಯಾಕೆ ಆಡಿದೆ?”

ಅವನು ಎಂದೂ ತನ್ನನ್ನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ತುಳಿಯದೆ ಇದ್ದದ್ದೇ ತಪ್ಪೆಂದು ಹನ್ನೊಂದು ವರ್ಷ ಅದನ್ನೇ ಮುಚ್ಚಿಟ್ಟುಕೊಂಡಿದ್ದ. ಹೆದರಿಕೆ ಎಂದ ಕೊನೆಗೆ, ನಾನು ತುಳಿಯಲಿಲ್ಲವೆಂದು ನೀನು ಮೊದಲು ಹೇಳಿಬಿಡುತ್ತೀಯ ಎಂದು ಹೆದರಿಕೆ. ನಾನು ಯಾರಿಗೆ ಹೇಳ್ತಿದ್ದೆ ಎಂದು ಅವಳು ಕೇಳಿದಳು. ಬಸ್ಸು ಬಂತು. ಸಣ್ಣ ಬಿಳಿಯ ಬಸ್ಸು, ಒಳಗೆ ಚಾಲಕನೊಬ್ಬನೇ; ಬಾಗಿಲು ಉಸ್ಸೆಂದು ತೆರೆದು ಅವನು ಜೋಡಿ ಸೈಕಲ್ಲನ್ನು ನೋಡಿ, ಬಾಯಿ ತೆರೆದು, ಇಬ್ಬರ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಲುಸೆತ್ ಎದ್ದು ಬಾಗಿಲವರೆಗೆ ಹೋದಳು. ಒಕ್ತಾವ್ ಸೈಕಲ್ಲನ್ನು ಹಿಡಿದು ನಿಂತಿದ್ದ, ಹೋಗಬೇಡ ಎನ್ನಲು ತನಗೆ ಯಾವ ಅಧಿಕಾರವೂ ಉಳಿದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಚಾಲಕನಿಗೆ ಏನೋ ಹೇಳಿದಳು, ಕ್ಷಮಿಸಿ ಎಂದಂತೆ ಕೈ ಎತ್ತಿದಳು. ಬಾಗಿಲು ಮುಚ್ಚಿಕೊಂಡಿತು.

“ಹಿಡಿ ಗಟ್ಟಿಯಾಗಿ,” ಎಂದು ಸೈಕಲ್ಲು ಹತ್ತಿದಳು. “ನಾನು ತುಳೀಲಿಲ್ಲ ಅಂದ್ರೆ ಹೇಗಿರುತ್ತೆ ಅಂತ ಒಂದು ಸಲ ನೋಡು. ನಿನಗೆ ಗೊತ್ತಿಲ್ಲ ಅದು.”

ಅವಳು ಎರಡೂ ಪಾದಗಳನ್ನು ಪೆಡಲಿನಿಂದ ತೆಗೆದು ನಡುವಿನ ಕೊಳವೆಯ ಮೇಲಿಟ್ಟುಕೊಂಡದ್ದನ್ನು ಅವನು ಈ ಸಲ ತಿರುಗಿ ನೋಡಿಯೇ ಹೊರಟ. ಇಳಿಜಾರಿನಲ್ಲಿ ಏನೂ ಅನ್ನಿಸಲಿಲ್ಲ. ಸೇತುವೆ ದಾಟಿ ಏರಿನ ಮೊದಲ ಗಜಗಳಲ್ಲಿ ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತಾಯಿತು. ಅತಿ ಹಗುರವಾದ ಗೇರಿಗೆ ಇಳಿಸಿದ. ಎದ್ದು ನಿಂತು ತನ್ನ ಪೂರ್ತಿ ಭಾರ ಹಾಕಿ ತುಳಿದ. ಸೈಕಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. ಇಪ್ಪತ್ತು ಸುತ್ತು, ಇಪ್ಪತ್ತೈದು. ಮೊಣಕಾಲಿನೊಳಗೆ ಏನೋ ಕಟಕಟ ಎಂದಿತು. ಮೊದಲ ತಿರುವು ಇನ್ನೂ ಕಣ್ಣೆದುರಿಗೇ ಇತ್ತು, ಹತ್ತಿರ ಬರಲಿಲ್ಲ. ಮೂವತ್ತನೆಯ ಸುತ್ತು ಪೂರ್ತಿಯಾಗಲಿಲ್ಲ. ಪೆಡಲು ಅರ್ಧದಲ್ಲಿ ನಿಂತಿತು, ಅವನು ಕಾಲೂರಿದ. ಆರು ದಿನ, ನಿನ್ನೆಯ ತೋಪು, ಮೊನ್ನೆಯ ಎರಡು ಘಾಟಿ, ಅದಕ್ಕೂ ಹಿಂದಿನ ವರ್ಷಗಳು, ಯಾವುದನ್ನೂ ಅವನು ಒಬ್ಬನೇ ಹತ್ತಿರಲಿಲ್ಲ. ಭಾರವಾಗಿತ್ತು ಎಂದು ದೂರಿದ್ದೆಲ್ಲ ಅವಳು ತುಳಿಯುತ್ತಿದ್ದಾಗಿನ ಭಾರ. ಹ್ಯಾಂಡಲಿನ ಮೇಲೆ ಬಗ್ಗಿ ಅವನು ಬಾಯಲ್ಲಿ ಉಸಿರಾಡಿದ, ವಾಂತಿ ಬರುತ್ತದೇನೋ ಎನ್ನಿಸಿತು, ಬರಲಿ ಎಂದೂ ಅನ್ನಿಸಿತು.

ಲುಸೆತ್ ಇಳಿದಳು. ಗೊತ್ತಾಯಿತಾ ಎಂದು ಕೇಳಲಿಲ್ಲ. ನಡೆಯೋಣ ಎಂದಳು, ಈ ಹೊತ್ತಿನಲ್ಲಿ ಅದೊಂದೇ ಸರಿ ಎಂಬಂತೆ. ಅವನು ಮುಂದಿನ ಹ್ಯಾಂಡಲು ಹಿಡಿದ, ಅವಳು ಆಚೆ ಬದಿಯಿಂದ ಹಿಂದಿನ ಸೀಟಿಗೆ ಕೈ ಕೊಟ್ಟಳು. ಒಂಬತ್ತು ಕಿಲೋಮೀಟರು ಹೆಚ್ಚುಕಮ್ಮಿ ಹಾಗೇ ಬಾಕಿಯಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ, ಗೋಡೆಯ ಬುಡದಲ್ಲಿ ನೀರು ಜಿನುಗುತ್ತಿತ್ತು, ಕಿವಿಯ ಯಂತ್ರದಲ್ಲಿ ಅವಳ ಉಸಿರು ಸ್ಪಷ್ಟವಾಗಿ ಕೇಳುತ್ತಿತ್ತು. ಸೈಕಲ್ಲಿನ ಮೇಲೆ ಕಾಣದ ಅವಳ ಮುಖ ಓರೆಗಣ್ಣಿಗೆ ಕಾಣುತ್ತಿತ್ತು, ಕೆಂಪಾಗಿ, ವಯಸ್ಸಾಗಿ. ಅದನ್ನು ನೋಡಿ ಅವನಿಗೆ ಪ್ರೀತಿ ಉಕ್ಕಿತು, ಅದು ನಿಜ. ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಸೈಕಲ್ಲು ಭಾರವೆನಿಸಿತು, ಆಗ ಅವನ ಕಣ್ಣು ತಾನಾಗಿ ಕೆಳಗಿಳಿದು, ಸೀಟಿನ ಮೇಲಿದ್ದ ಅವಳ ಬೆರಳುಗಳ ಗೆಣ್ಣು ಬೆಳ್ಳಗಾಗಿವೆಯೇ ಎಂದು ನೋಡಿತು, ನಿಜವಾಗಿ ತಳ್ಳುತ್ತಿದ್ದಾಳೋ, ಸುಮ್ಮನೆ ಕೈಯಿಟ್ಟಿದ್ದಾಳೋ ಎಂದು. ತಲೆ ಎತ್ತಿದಾಗ ಅವಳು ಅವನನ್ನೇ ನೋಡುತ್ತಿದ್ದಳು. ತಳ್ಳುತ್ತಲೇ ಇದ್ದಳು.